ಫಿಯಟ್ಟಿನ ನಟ್ಟು ಬೋಲ್ಟು ತೊಳೆದ ಕಥೆ

ಹಳೇ ಕಾರನ್ನು ಬಿಚ್ಚುವುದು ಅಂಥ ಕಷ್ಟವೇನಲ್ಲ. ಬಿಚ್ಚಿದ್ದನ್ನು ಡಬ್ಬಕ್ಕೆ ಹಾಕುವುದೂ ಸುಲಭ. ಆ ಡಬ್ಬಗಳನ್ನೆಲ್ಲ ಸಾಲಾಗಿ ಇಟ್ಟುಕೊಂಡು ಎದುರಿಗೆ ಕೂತಾಗ ಮಾತ್ರ ಕೈಕಾಲು ಆಡುವುದಿಲ್ಲ. ಬಾಡಿ, ಎಂಜಿನ್ನು, ಸೀಟು ಎಲ್ಲ ಕಣ್ಣಿಗೆ ಕಾಣುವ ಕೆಲಸ. ಡಬ್ಬದೊಳಗಿನ ನಟ್ಟು, ಬೋಲ್ಟು, ವಾಷರ್, ಕ್ಲಿಪ್ಪು, ಬ್ರಾಕೆಟ್ಟುಗಳ ಕೆಲಸ ಯಾರಿಗೂ ಕಾಣುವುದಿಲ್ಲ, ಮುಗಿಯುವುದೂ ಇಲ್ಲ. ಅವನ್ನು ಕುಲುಕಿ ಉಜ್ಜುವ ಯಂತ್ರಕ್ಕೆ ಹಾಕಿ ತೊಳೆದ ಕಥೆ ಇದು.

ನನ್ನದು 1967ರ ಫಿಯಟ್ 1100 ಡಿಲೈಟ್. 1964ರಲ್ಲಿ ಬಂದ ಮಾಡೆಲ್ಲು. ಎಪ್ಪತ್ತರ ದಶಕದಲ್ಲಿ ಇದೇ ಕಾರಿಗೆ ಪ್ರೀಮಿಯರ್ ಪದ್ಮಿನಿ ಅಂತ ಹೆಸರು ಬಂತು. 1089 ಸಿಸಿ ಎಂಜಿನ್ನು. ನಂಬರ್ ಪ್ಲೇಟ್ ‘ಎಂವೈ’ ಅಂತ ಶುರುವಾಗುತ್ತದೆ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದದ್ದು 1973ರಲ್ಲಿ, ಇದು ಅದಕ್ಕೂ ಹಿಂದಿನ ಗಾಡಿ.

ಹೊಸ ಬೋಲ್ಟು ಕೊಂಡು ಹಾಕಿದರೆ ಆಗಲ್ವಾ ಅಂತ ಬಹಳ ಜನ ಕೇಳಿದರು. ಆಗುತ್ತದೆ. ಫಿಯಟ್ ಇಟಲಿಯ ಕಾರು, ಬೋಲ್ಟುಗಳೆಲ್ಲ ಮಿಲಿಮೀಟರ್ ಲೆಕ್ಕದವು, ಅಳತೆ ಸಿಗುತ್ತದೆ. ಅಂಬಾಸಿಡರ್ ಇಟ್ಟುಕೊಂಡವರ ಹಾಗೆ ಇಂಚಿನ ಬೋಲ್ಟಿಗಾಗಿ ಅಲೆಯಬೇಕಾಗಿಲ್ಲ. ಆದರೆ ಹಳೇ ಬೋಲ್ಟಿನ ತಲೆಯ ಮೇಲೆ ಅದನ್ನು ಮಾಡಿದ ಕಂಪನಿಯ ಅಚ್ಚು ಇರುತ್ತದೆ. ಕೆಲವದರ ಮೇಲೆ ‘ಜಿಕೆಡಬ್ಲ್ಯೂ’, ಕೆಲವದರ ಮೇಲೆ ‘ಟಿವಿಎಸ್’. ಬಾನೆಟ್ ಎತ್ತಿದಾಗ ಆ ಅಚ್ಚು ಕಾಣಬೇಕು ಅನ್ನುವುದು ನನ್ನ ಹಟ. ಇನ್ನೊಂದು ಕಾರಣವೂ ಇತ್ತು. ಬ್ರಾಕೆಟ್ಟು, ಹಿಂಜು, ಬಾಗಿಲಿನ ಲಾಕಿನ ಚೂರುಗಳು ಅಂಗಡಿಯಲ್ಲಿ ಸಿಗುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಕ್ಕರೂ ಅವೂ ತುಕ್ಕು ಹಿಡಿದವೇ. ಹೇಗಿದ್ದರೂ ತೊಳೆಯಲೇಬೇಕು.

ಮೈಸೂರಿನ ಮಂಡಿ ಮೊಹಲ್ಲಾದ ನಮ್ಮ ಮೇಸ್ತ್ರಿಗೆ ಈ ವಿಷಯದಲ್ಲಿ ಯಾವ ಗೊಂದಲವೂ ಇರಲಿಲ್ಲ. "ಸಾರ್, ಸೀಮೆಎಣ್ಣೆ ಇದೆ, ವೈರ್ ಬ್ರಷ್ ಇದೆ, ಹುಡುಗ ಇದಾನೆ. ಇನ್ನೇನು ಬೇಕು?" ಅಂದರು. ಸೀಮೆಎಣ್ಣೆ ಈಗ ಸುಲಭವಾಗಿ ಸಿಗುವುದಿಲ್ಲ, ಅವರು ಡೀಸೆಲ್ಲನ್ನೇ ಸೀಮೆಎಣ್ಣೆ ಅಂತ ಕರೆಯುತ್ತಾರೆ. ಗ್ರೈಂಡರಿಗೆ ಹಾಕುವ ವೈರ್ ವೀಲೂ ಅವರ ಹತ್ತಿರ ಇತ್ತು. ದೊಡ್ಡ ಬ್ರಾಕೆಟ್ಟಿಗೆ ಅದು ಒಳ್ಳೆಯದೇ. ಸಣ್ಣ ಬೋಲ್ಟನ್ನು ಹಿಡಿದರೆ ವೀಲು ಕಸಿದುಕೊಂಡು ಎಲ್ಲಿಗೋ ಎಸೆಯುತ್ತದೆ. ತಂತಿಯ ಎಳೆಗಳು ಕಿತ್ತು ಹಾರಿ ಅಂಗಿಯಲ್ಲಿ ಚುಚ್ಚಿಕೊಳ್ಳುತ್ತವೆ. ಕಣ್ಣಿಗೆ ಕನ್ನಡಕ ಹಾಕದೆ ಆ ಹುಡುಗ ಕೆಲಸ ಮಾಡುತ್ತಿದ್ದುದನ್ನು ನೋಡಿ ನನಗೆ ಹೆದರಿಕೆಯಾಯಿತು. ಮರಳು ಹೊಡೆಸುವುದು ಇನ್ನೊಂದು ದಾರಿ. ಆದರೆ ಸಣ್ಣ ವಾಷರ್‌ಗಳನ್ನು ಒಂದೊಂದಾಗಿ ಹಿಡಿದು ಹೊಡೆಯುವುದು ಯಾರಿಗೆ ಸಾಧ್ಯ? ಮೇಲಾಗಿ ಆ ಮರಳಿನ ಧೂಳು ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್ ಅನ್ನುವ ಕಾಯಿಲೆ ಬರುತ್ತದೆ, ಬಂದರೆ ವಾಸಿಯಾಗುವುದಿಲ್ಲ.

ಕುಲುಕುವ ಯಂತ್ರದ ವಿಷಯ ಹೊಳೆದದ್ದು ಅಶೋಕ ರಸ್ತೆ ಕಡೆ ಹೋಗಿದ್ದಾಗ. ಒಡವೆ ಪಾಲಿಶ್ ಮಾಡುವ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಬೆಳ್ಳಿ ಗೆಜ್ಜೆಗಳನ್ನು ಒಂದು ಬೋಗುಣಿಗೆ ಸುರಿದು, ಮೇಲೆ ಉಕ್ಕಿನ ಸಣ್ಣ ಗುಂಡುಗಳನ್ನು ಹಾಕಿ, ಸ್ವಿಚ್ ಒತ್ತಿ ಟೀ ಕುಡಿಯಲು ಹೋಗಿಬಿಟ್ಟರು. ವಾಪಸ್ ಬಂದಾಗ ಗೆಜ್ಜೆ ಫಳಫಳ ಹೊಳೆಯುತ್ತಿದ್ದವು. ಅಲ್ಲೇ ಕೇಳಿದೆ. ಮೂಲೆಯಲ್ಲಿ ಬಿದ್ದಿದ್ದ ಹಳೇ ಬೋಗುಣಿ ಯಂತ್ರ ಒಂದನ್ನು ಕೊಡಲು ಒಪ್ಪಿದರು. ಐದು ಲೀಟರ್ ಹಿಡಿಸುವಂಥದ್ದು. ಒಳಗಿನ ಪಾಲಿಯೂರಿಥೇನ್ ಪದರ ಚೆನ್ನಾಗಿತ್ತು, ಸ್ಪ್ರಿಂಗು ಮಾತ್ರ ಬದಲಾಯಿಸಬೇಕಾಯಿತು. ಕೊಡುವಾಗ ಯಜಮಾನರು ಒಂದು ಮಾತು ಹೇಳಿದರು: "ಸೋಪಿನ ಪುಡಿ ಗಿಡಿ ಹಾಕಬೇಡಿ ಸ್ವಾಮಿ, ಹಿತ್ತಾಳೆಗೆ ಅಂಟುವಾಳದ ನೀರು ಹಾಕಿ." ಅದರ ಕಥೆ ಆಮೇಲೆ.

ಯಂತ್ರ ತುಂಬಾ ಸರಳ. ಬೋಗುಣಿಯ ಆಕಾರ ಉದ್ದಿನ ವಡೆಯದು, ನಡುವೆ ಕಂಬ, ಸುತ್ತ ಕಾಲುವೆ. ಅಡಿಯಲ್ಲಿ ಮೋಟರು. ಮೋಟರಿನ ಶಾಫ್ಟಿನ ಎರಡು ತುದಿಗೂ ಒಂದು ಪಕ್ಕಕ್ಕೆ ಭಾರ ಹಾಕಿರುತ್ತಾರೆ. ಅದು ತಿರುಗಿದಾಗ ಸಮತೋಲ ತಪ್ಪಿ, ಸ್ಪ್ರಿಂಗಿನ ಮೇಲೆ ಕೂತ ಬೋಗುಣಿ ನಡುಗುತ್ತದೆ. ನನ್ನ ಮೋಟರು ನಮ್ಮ 50 ಹರ್ಟ್ಸ್ ಕರೆಂಟಿಗೆ ನಿಮಿಷಕ್ಕೆ ಸುಮಾರು 2,900 ಸುತ್ತು ಹೊಡೆಯುತ್ತದೆ. ನಡುಕ ಕೆಲವೇ ಮಿಲಿಮೀಟರ್. ಆದರೆ ಒಳಗೆ ಹಾಕಿದ ಉಜ್ಜುವ ಕಲ್ಲುಗಳೆಲ್ಲ ಹೊರಗೋಡೆಯ ಕಡೆ ಏರಿ, ಒಳಕಂಬದ ಕಡೆ ಇಳಿದು, ಜೊತೆಗೇ ನಿಧಾನವಾಗಿ ಸುತ್ತುತ್ತಾ ಸಾಗುತ್ತವೆ. ಮೇಲಿನ ಭಾರ ಮತ್ತು ಕೆಳಗಿನ ಭಾರದ ನಡುವಿನ ಕೋನವನ್ನು ಬದಲಾಯಿಸಿದರೆ ಈ ಸುತ್ತಾಟದ ರೀತಿ ಬದಲಾಗುತ್ತದೆ. ಸ್ಪ್ಯಾನರ್ ಹಿಡಿದು ಅದನ್ನು ಸರಿಮಾಡಿಕೊಳ್ಳುವ ಕೆಲಸ ಒಂದು ಮಧ್ಯಾಹ್ನ ಪೂರ್ತಿ ತಿಂದಿತು. ಆದರೆ ಕಲ್ಲು ಸರಿಯಾಗಿ ಉರುಳಲು ಶುರುವಾದಾಗ ಸುಮ್ಮನೆ ನೋಡುತ್ತಾ ನಿಂತುಬಿಡುವಷ್ಟು ಚಂದ.

ತಿರುಗುವ ಪೀಪಾಯಿ ಮಾದರಿಯ ಯಂತ್ರವೂ ಇದೆ. ಅದರಲ್ಲಿ ಭಾಗಗಳು ಮೇಲಿನಿಂದ ಒಂದರ ಮೇಲೊಂದು ಬೀಳುತ್ತವೆ, ತೆಳು ತಗಡು ನಜ್ಜಾಗಬಹುದು, ಹೊತ್ತೂ ಜಾಸ್ತಿ ಬೇಕು. ನಿಲ್ಲಿಸದೆ ಮುಚ್ಚಳ ತೆಗೆಯುವ ಹಾಗಿಲ್ಲ. ಕುಲುಕುವುದರಲ್ಲಿ ಯಂತ್ರ ಓಡುತ್ತಿರುವಾಗಲೇ ಕೈ ಹಾಕಿ ಒಂದು ಬೋಲ್ಟು ತೆಗೆದು ನೋಡಿ ಮತ್ತೆ ಹಾಕಬಹುದು. ನನಗೆ ಇದೊಂದೇ ಸಾಕಾಯಿತು.

ಯಂತ್ರ ಬಂದ ಮೇಲೆ ಕೆಲಸ ಕಡಿಮೆಯಾಯಿತು ಅಂತ ಹೇಳಲಾರೆ. ಉಜ್ಜುವ ಕೆಲಸ ಹೋಯಿತು, ಆರಿಸುವ ಕೆಲಸ ಬಂತು. ಏಕೆಂದರೆ ಈ ಯಂತ್ರಕ್ಕೆ ತುಕ್ಕು ಯಾವುದು, ಲೋಹ ಯಾವುದು ಅಂತ ಗೊತ್ತಿಲ್ಲ. ಎದುರಿಗೆ ಸಿಕ್ಕಿದ್ದನ್ನೆಲ್ಲ ಒಂದೇ ಸಮ ಉಜ್ಜುತ್ತದೆ. ಚೂಪಾದ ಅಂಚಿದ್ದರೆ ಮೊದಲು ಅದನ್ನೇ ಮೊಂಡು ಮಾಡುತ್ತದೆ. ಬೋಲ್ಟಿನ ಮರೆಯ (ಥ್ರೆಡ್ಡಿನ) ತುದಿ, ಗ್ಯಾಸ್ಕೆಟ್ ಕೂರುವ ಮುಖ, ಬೇರಿಂಗ್ ಕೂರುವ ಜಾಗ, ಎಲ್ಲವೂ ಅದಕ್ಕೆ ಒಂದೇ. ಹಾಗಾಗಿ ಅಂಗಳದಲ್ಲಿ ಒಂದು ಹಳೇ ಚಾಪೆ ಹಾಸಿ ಡಬ್ಬಗಳನ್ನು ಸುರಿದುಕೊಂಡು ಕೂತೆ.

ಮೊದಲು ಪಕ್ಕಕ್ಕಿಟ್ಟದ್ದು ಬ್ರೇಕಿನ ಭಾಗಗಳನ್ನು. ವೀಲ್ ಸಿಲಿಂಡರಿನ ಒಳಮೈ ಕನ್ನಡಿಯಷ್ಟು ನುಣುಪಾಗಿರಬೇಕು, ಇಲ್ಲದಿದ್ದರೆ ಒಳಗಿನ ರಬ್ಬರ್ ಕಪ್ (ಸೀಲು) ಹಿಡಿಯದೆ ಬ್ರೇಕ್ ಎಣ್ಣೆ ಸೋರುತ್ತದೆ. ಅದನ್ನು ಕಲ್ಲಿನ ಜೊತೆ ಕುಲುಕುವುದು ಅಂದರೆ ಜೀವದ ಜೊತೆ ಆಟ. ಹಳೇ ಬ್ರೇಕ್ ಲೈನಿಂಗಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವುದು ಸಾಮಾನ್ಯ, ಆದ್ದರಿಂದ ಆ ಡ್ರಮ್ಮಿನ ಸುತ್ತಮುತ್ತಲಿನ ಧೂಳನ್ನು ಊದಲೂ ಇಲ್ಲ, ಬ್ರಷ್ ಹಾಕಲೂ ಇಲ್ಲ, ಒದ್ದೆ ಬಟ್ಟೆಯಿಂದ ಒರೆಸಿ ಬಟ್ಟೆಯನ್ನೇ ಕಟ್ಟಿ ಎಸೆದೆ. ಆಮೇಲೆ ಬೇರಿಂಗುಗಳು, ಕನೆಕ್ಟಿಂಗ್ ರಾಡಿನ ಬೋಲ್ಟುಗಳು, ಸಸ್ಪೆನ್ಷನ್ನಿನ ಬೋಲ್ಟುಗಳು, ಎಲ್ಲ ಸ್ಪ್ರಿಂಗುಗಳು. ಕ್ರೋಮ್ ಇದ್ದದ್ದೆಲ್ಲ ಹೊರಗೆ. ಬಾಗಿಲ ಹಿಡಿಕೆ, ಗಾಜು ಇಳಿಸುವ ಹಿಡಿಕೆ ನೋಡಲು ಗಟ್ಟಿಯಾಗಿ ಕಂಡರೂ ಒಳಗೆ ಸತುವಿನ ಎರಕ. ಮೇಲಿನ ಕ್ರೋಮ್ ಒಂದು ಕಡೆ ಎದ್ದರೆ ಒಳಗಿನ ಮೆತ್ತನೆ ಲೋಹ ಸವೆಯುತ್ತಾ ಹೋಗುತ್ತದೆ. ಅಚ್ಚೊತ್ತಿದ ನಂಬರ್ ಇರುವ ತಗಡಿನ ಪಟ್ಟಿಗಳನ್ನಂತೂ ಬೀರುವಿನಲ್ಲಿಟ್ಟೆ.

ಉಳಿದದ್ದು ಮೂರು ಗುಂಪಾಯಿತು: ಕಬ್ಬಿಣ, ಹಿತ್ತಾಳೆ, ಅಲ್ಯೂಮಿನಿಯಂ. ಇವನ್ನು ಒಟ್ಟಿಗೆ ಹಾಕಬಾರದು. ಕಬ್ಬಿಣದ ಪುಡಿ ಅಲ್ಯೂಮಿನಿಯಂ ಮೈಗೆ ಕಚ್ಚಿಕೊಂಡರೆ ಆಮೇಲೆ ಅಲ್ಲೇ ಕಂದು ಚುಕ್ಕೆ ಏಳುತ್ತದೆ.

ಕಬ್ಬಿಣದ ಗುಂಪಿನಲ್ಲಿ ತುಕ್ಕು ಆಳವಾಗಿ ಕೂತವು ಬೇಕಾದಷ್ಟಿದ್ದವು. ಕುಲುಕುವ ಯಂತ್ರ ಮೇಲಿನ ತುಕ್ಕನ್ನು ತೆಗೆಯುತ್ತದೆ, ಗುಳಿಯೊಳಗಿನದನ್ನು ಮುಟ್ಟುವುದಿಲ್ಲ. ಗುಳಿಯೊಳಗೆ ಹೋಗುವಷ್ಟು ಹೊತ್ತು ಓಡಿಸಿದರೆ ಬೋಲ್ಟಿನ ತಲೆಯ ಅಚ್ಚೇ ಅಳಿಸಿಹೋಗುತ್ತದೆ, ಯಾವುದಕ್ಕಾಗಿ ಇಷ್ಟೆಲ್ಲ ಮಾಡುತ್ತಿದ್ದೆನೋ ಅದೇ ಇರುವುದಿಲ್ಲ. ಇದಕ್ಕೆ ಪರಿಹಾರ ಮಂಡ್ಯದಲ್ಲಿತ್ತು.

ಹಳೇ ಗಾಡಿಯವರಿಗೆ ಕಾಕಂಬಿಯ, ಅಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕದ (ಮೊಲಾಸಿಸ್), ಗುಟ್ಟು ಗೊತ್ತು. ಒಂದು ಪಾಲು ಕಾಕಂಬಿಗೆ ಹತ್ತು ಪಾಲು ನೀರು ಬೆರೆಸಿ, ತುಕ್ಕು ಹಿಡಿದ ಕಬ್ಬಿಣವನ್ನು ಒಂದೆರಡು ವಾರ ಮುಳುಗಿಸಿಟ್ಟರೆ ತುಕ್ಕು ಕರಗುತ್ತದೆ, ಗಟ್ಟಿ ಕಬ್ಬಿಣಕ್ಕೆ ಹೆಚ್ಚೇನೂ ಆಗುವುದಿಲ್ಲ. ಅದರಲ್ಲಿರುವ ಕೆಲವು ಪದಾರ್ಥಗಳು ತುಕ್ಕಿನ ಕಬ್ಬಿಣದ ಅಂಶವನ್ನು ಹಿಡಿದು ನೀರಿಗೆ ಎಳೆದುಕೊಳ್ಳುತ್ತವೆ. ಮೈಷುಗರ್ ಸಕ್ಕರೆ ಕಾರ್ಖಾನೆ 1933ರಿಂದ ಇರುವ ಊರಿನಲ್ಲಿ ಕಾಕಂಬಿಗೆ ಬರವೇ ಅಂದುಕೊಂಡು ಹೋದೆ. ನನಗೆ ಸಿಕ್ಕಿದ್ದು ದನದ ಮೇವಿಗೆ ಬೆರೆಸಲು ಮಾರುವ ಕಡೆ. ಅಂಗಡಿಯವರು ಕ್ಯಾನು ತುಂಬುತ್ತಾ ಕೇಳಿದರು.

"ಎಷ್ಟು ದನ ಇವೆ ಯಜಮಾನ್ರೆ?"

"ದನ ಇಲ್ಲ. ಕಾರಿಗೆ."

"ಪೆಟ್ರೋಲ್‌ಗೆ ಹಾಕ್ತಾರಲ್ಲ, ಅದು ಎಥನಾಲ್ ಕಣ್ರೀ. ಇದನ್ನ ಹಂಗೇ ಹುಯ್ದುಬಿಟ್ಟೀರಾ!"

ಬೋಲ್ಟು ನೆನೆಸಲು ಅಂತ ವಿವರಿಸಿದೆ. ನಂಬಿದ ಹಾಗೆ ಕಾಣಲಿಲ್ಲ. ದುಡ್ಡು ತೆಗೆದುಕೊಂಡರು.

ಕಾಕಂಬಿ ನೀರು ಮೂರ್ನಾಲ್ಕು ದಿನಕ್ಕೇ ಹುಳಿ ಬರುತ್ತದೆ, ಮೇಲೆ ನೊರೆ ಕಟ್ಟುತ್ತದೆ, ನೊಣ ಮುತ್ತುತ್ತವೆ. ಡ್ರಮ್ಮಿಗೆ ಬಿಗಿಯಾಗಿ ಮುಚ್ಚಳ ಹಾಕಿದರೆ ಗ್ಯಾಸ್ ಕಟ್ಟುತ್ತದೆ, ಬಟ್ಟೆ ಕಟ್ಟುವುದೇ ಸರಿ. ಸರಸ್ವತಿಪುರಂನಂಥ ಒತ್ತು ಮನೆಗಳ ಬೀದಿಯಲ್ಲಿ ಈ ವಾಸನೆಯನ್ನು ಮುಚ್ಚಿಡಲಾಗುವುದಿಲ್ಲ. ಡ್ರಮ್ಮು ಹಿತ್ತಲಿನ ತೆಂಗಿನ ಮರದ ಹಿಂದೆ ಹೋಯಿತು. ಒಂದು ಎಚ್ಚರ: ಇದಕ್ಕೆ ಅಲ್ಯೂಮಿನಿಯಂ, ಸತು ಹಾಕಬಾರದು, ತಿಂದುಬಿಡುತ್ತದೆ. ತೆಗೆದ ಬೋಲ್ಟುಗಳು ಮಂಕು ಬೂದು ಬಣ್ಣದಲ್ಲಿದ್ದವು, ತುಕ್ಕಿನ ಸುಳಿವಿರಲಿಲ್ಲ. ಈಗ ಯಂತ್ರಕ್ಕೆ ಅವು ಸರಿಯಾದ ಸರಕು.

ಕಲ್ಲು ಅಂದೆನಲ್ಲ, ಅದು ನಿಜವಾದ ಕಲ್ಲಲ್ಲ. ಸೆರಾಮಿಕ್ಕಿನಲ್ಲಿ ಉಜ್ಜುವ ಪುಡಿ ಬೆರೆಸಿ ಸುಟ್ಟು ಮಾಡಿದ ಸಣ್ಣ ತುಂಡುಗಳು. ಮುಕ್ಕೋನದವು ಇವೆ, ಓರೆಯಾಗಿ ಕತ್ತರಿಸಿದ ಕಡ್ಡಿಗಳಂಥವು ಇವೆ. ಬೆಂಗಳೂರಿನ ಪೀಣ್ಯದ ಕಡೆಯಿಂದ ಎರಡು ಬಗೆ ತರಿಸಿದೆ. ಯಾವ ಸೈಜು ತೆಗೆದುಕೊಳ್ಳಬೇಕು ಅನ್ನುವುದು ನಿಮ್ಮ ಬ್ರಾಕೆಟ್ಟಿನ ತೂತುಗಳ ಮೇಲೆ ಹೋಗುತ್ತದೆ. ತೂತಿಗಿಂತ ಸಾಕಷ್ಟು ದೊಡ್ಡದಿರಬೇಕು, ಇಲ್ಲವೇ ಸಲೀಸಾಗಿ ದಾಟಿಹೋಗುವಷ್ಟು ಚಿಕ್ಕದಿರಬೇಕು. ನಡುವಿನದಾದರೆ ತೂತಿನಲ್ಲಿ ಬೆಣೆ ಹೊಡೆದಂತೆ ಕೂರುತ್ತದೆ. ಕಲ್ಲು ಸವೆಯುತ್ತಾ ಬರುವುದರಿಂದ ಇವತ್ತು ಸಿಕ್ಕಿಕೊಳ್ಳದ ಕಲ್ಲು ಮುಂದಿನ ತಿಂಗಳು ಸಿಕ್ಕಿಕೊಳ್ಳಬಹುದು, ಆಗಾಗ ಜರಡಿ ಹಿಡಿಯಬೇಕು. ಒಂದೇ ಕಡೆ ಬಾಯಿರುವ, ಒಳಗೆ ಥ್ರೆಡ್ ಇರುವ ತೂತುಗಳಿಗೆ ರಬ್ಬರ್ ಬಿರಡೆ ಹಾಕಿದೆ. ಇಲ್ಲದಿದ್ದರೆ ಕಲ್ಲಿನ ಪುಡಿ ಒಳಗೆ ಹೋಗಿ ಸಿಮೆಂಟಿನಂತೆ ಗಟ್ಟಿಯಾಗುತ್ತದೆ.

ಹಾಕುವ ಮೊದಲು ಎಣ್ಣೆ, ಗ್ರೀಸು ಪೂರ್ತಿ ಹೋಗಿರಬೇಕು. ಇದರಲ್ಲಿ ರಾಜಿ ಬೇಡ. ಜಿಡ್ಡು ಕಲ್ಲಿಗೆ ಹತ್ತಿದರೆ ಕಲ್ಲಿನ ಮೈ ಜಾರುತ್ತದೆ, ಉಜ್ಜುವುದನ್ನೇ ನಿಲ್ಲಿಸುತ್ತದೆ. ಡೀಸೆಲ್ಲಿನಲ್ಲಿ ಒಂದು ರಾತ್ರಿ, ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ಬಿಸಿನೀರು. ನೀರು ಮೈಮೇಲೆ ಹನಿ ಹನಿಯಾಗಿ ನಿಲ್ಲದೆ ಪೂರ್ತಿ ಹರಡಿಕೊಂಡರೆ ಜಿಡ್ಡು ಹೋಗಿದೆ ಅಂತ ಅರ್ಥ.

ಲೆಕ್ಕ ಇಷ್ಟೇ: ಮೂರು ಪಾಲು ಕಲ್ಲು, ಒಂದು ಪಾಲು ಭಾಗಗಳು. ಬೋಗುಣಿ ಮುಕ್ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ತುಂಬಿರಬೇಕು. ಕಡಿಮೆ ಹಾಕಿದರೆ ಲೋಹಕ್ಕೆ ಲೋಹ ಬಡಿದು ಗಾಯವಾಗುತ್ತದೆ. ನೀರು ಕಲ್ಲು ಒದ್ದೆಯಾಗಿ ಹೊಳೆಯುವಷ್ಟು ಮಾತ್ರ. ನೀರು ಜಾಸ್ತಿಯಾದರೆ ಎಲ್ಲ ತೇಲಿದ ಹಾಗಾಗಿ ಉರುಳಾಟವೇ ನಿಂತುಹೋಗುತ್ತದೆ. ನಮ್ಮ ಬೋರ್‌ವೆಲ್ಲಿನ ಗಡಸು ನೀರು ಸೋಪಿನ ಜೊತೆ ಸೇರಿ ಬಿಳಿ ಗಸಿ ಕಟ್ಟುತ್ತಿತ್ತು, ಆದ್ದರಿಂದ ನಲ್ಲಿಯಲ್ಲಿ ಬರುವ ಕಾವೇರಿ ನೀರನ್ನೇ ಹಿಡಿದಿಟ್ಟುಕೊಂಡೆ. ಒಂದು ಚಮಚ ಪಾತ್ರೆ ಲಿಕ್ವಿಡ್ಡು, ಒಂದು ಚಮಚ ವಾಷಿಂಗ್ ಸೋಡಾ. ಸೋಡಾ ಹಾಕಿದ ನೀರಿನಲ್ಲಿ ಕಬ್ಬಿಣ ಬೇಗ ತುಕ್ಕು ಹಿಡಿಯುವುದಿಲ್ಲ.

ಸ್ವಿಚ್ ಹಾಕಿದೆ. ಸದ್ದು! ಟಿನ್ ಡಬ್ಬಕ್ಕೆ ಜಲ್ಲಿ ಸುರಿಯುವುದನ್ನು ನಿಲ್ಲಿಸದೇ ಇದ್ದರೆ ಬರುವಂಥ ಸದ್ದು. ಎದುರು ಮನೆಯ ಅಂಕಲ್ ಗೇಟಿನ ಹತ್ತಿರ ಬಂದು, "ಏನಪ್ಪಾ, ಮನೆ ಮೇಲೆ ಇನ್ನೊಂದು ಮಹಡಿ ಕಟ್ಟಿಸ್ತಿದೀಯಾ?" ಅಂದರು. ಹಳೇ ಟೈರಿನ ಮೇಲೆ ಯಂತ್ರ ಕೂರಿಸಿ, ಶೆಡ್ಡಿನ ಬಾಗಿಲಿಗೆ ಕಂಬಳಿ ಇಳಿಬಿಟ್ಟ ಮೇಲೆ ಸ್ವಲ್ಪ ಸಹಿಸಬಹುದಾಯಿತು. ಓಡಿಸುವ ಹೊತ್ತನ್ನೂ ಬೆಳಗ್ಗೆ ಹತ್ತರಿಂದ ಮಧ್ಯಾಹ್ನದ ಊಟದವರೆಗೆ ಅಂತ ಗೊತ್ತು ಮಾಡಿಕೊಂಡೆ. ಒಳಗೆ ಇರುವವರು ಕಿವಿಗೆ ಮಫ್ ಹಾಕಲೇಬೇಕು.

ಬೋಲ್ಟುಗಳು ಚೆನ್ನಾಗಿ ಬಂದವು. ಮೂರ್ನಾಲ್ಕು ಗಂಟೆ ಸಾಕು. ಒಂದು ಗಂಟೆಗೊಮ್ಮೆ ಒಂದನ್ನು ತೆಗೆದು, ಅಚ್ಚು ನೋಡಿ, ಮರೆಗೆ ನಟ್ಟು ಹಾಕಿ ತಿರುಗಿಸಿ ನೋಡುತ್ತಿದ್ದೆ. ನಟ್ಟು ಸಡಿಲ ಅನ್ನಿಸುವ ಮೊದಲೇ ನಿಲ್ಲಿಸಬೇಕು.

ತಲೆನೋವು ತಂದದ್ದು ವಾಷರ್‌ಗಳು. ಚಪ್ಪಟೆ ವಾಷರ್ ಎರಡು ಒದ್ದೆಯಾಗಿ ಎದುರಾದರೆ ಅಂಟಿಕೊಳ್ಳುತ್ತವೆ. ಅಂಟಿಕೊಂಡ ಕಡೆ ಕಲ್ಲು ತಾಗುವುದಿಲ್ಲ. ಹೊರಗೆ ಬೆಳ್ಳಿ, ಒಳಗೆ ಕರಿ. ಕೆಲವು ಬೋಗುಣಿಯ ಗೋಡೆಗೇ ಅಂಟಿಕೊಂಡು ಆರಾಮವಾಗಿ ಕೂತಿದ್ದವು. ಕೊನೆಗೆ ಒಂದು ತಾಮ್ರದ ತಂತಿಗೆ ವಾಷರ್ ಒಂದು, ದೊಡ್ಡ ನಟ್ಟು ಒಂದು, ಮತ್ತೆ ವಾಷರ್ ಒಂದು ಹೀಗೆ ಸಡಿಲವಾಗಿ ಪೋಣಿಸಿ, ಎರಡು ತುದಿ ಸುತ್ತಿ ಬಳೆ ಮಾಡಿ ಹಾಕಿದೆ. ಮನೆಯವಳು ನೋಡಿ, "ಇದನ್ನ ಅಶೋಕ ರೋಡಿಗೇ ವಾಪಸ್ ತಗೊಂಡೋಗಿ, ಮಜೂರಿ ಕೊಡ್ತಾರೆ" ಅಂದಳು. ಆದರೆ ಉಪಾಯ ಫಲಿಸಿತು. ಅಷ್ಟೇ ಅಲ್ಲ, ಯಾವ ವಾಷರ್ ಯಾವ ಜಾಗದ್ದು ಅನ್ನುವುದೂ ಬಳೆಯ ಲೆಕ್ಕದಲ್ಲಿ ಉಳಿಯಿತು. ಹಿಂಜಿನದ್ದು ಒಂದು ಬಳೆ, ಬಂಪರಿನದ್ದು ಇನ್ನೊಂದು.

ಯಂತ್ರ ನಿಲ್ಲಿಸಿದ ಮೇಲಿನ ಹದಿನೈದು ನಿಮಿಷ ಬಹಳ ಮುಖ್ಯ. ಆಗಷ್ಟೇ ಉಜ್ಜಿದ ಕಬ್ಬಿಣ ಬರಿಮೈಯಲ್ಲಿರುತ್ತದೆ. ಏಪ್ರಿಲ್ಲಿನಲ್ಲಿ ಮಹಡಿ ಮೇಲೆ ಹರಡಿದರೆ ಕ್ಷಣದಲ್ಲಿ ಒಣಗುತ್ತದೆ. ನಾನು ಶುರು ಮಾಡಿದ್ದು ಜುಲೈನಲ್ಲಿ. ಮೋಡ, ಜಿಟಿಜಿಟಿ, ತಂಡಿ ಗಾಳಿ. ಬೋಲ್ಟು ಜರಡಿಯಲ್ಲಿ ಇರುವಾಗಲೇ ಅರಿಸಿನದ ಬಣ್ಣ ಏರಲು ಶುರುವಾಗುತ್ತಿತ್ತು. ಆದ್ದರಿಂದ ಕ್ರಮ ಹೀಗಾಯಿತು. ಅಯಸ್ಕಾಂತದಿಂದ ಎತ್ತಿ, ಕುದಿಯುವ ಸೋಡಾ ನೀರಿನಲ್ಲಿ ಅದ್ದಿ, ತಕ್ಷಣ ಗರಗಸದ ಹೊಟ್ಟಿನ ಬುಟ್ಟಿಗೆ ಹಾಕಿ ಹೊರಳಾಡಿಸುವುದು. ಬಿಸಿಯಾದ ಲೋಹ ತಾನೇ ಅರ್ಧ ಒಣಗುತ್ತದೆ, ಉಳಿದ ತೇವವನ್ನು ಹೊಟ್ಟು ಕುಡಿಯುತ್ತದೆ. ಪ್ಲೇಟಿಂಗ್ ಮಾಡುವವರು ಹಿಂದಿನಿಂದಲೂ ಹೀಗೇ ಒಣಗಿಸುತ್ತಾರೆ. ಆಮೇಲೆ ತೆಳುವಾಗಿ ಎಣ್ಣೆ ಸವರಿ ಜಿಪ್ ಕವರಿಗೆ.

ಇನ್ನು ಹಿತ್ತಾಳೆ. ಪೆಟ್ರೋಲ್ ಪೈಪಿನ ಯೂನಿಯನ್‌ಗಳು, ರೇಡಿಯೇಟರಿನ ಕೆಳಗಿನ ನಲ್ಲಿ, ದೀಪದ ಹೋಲ್ಡರುಗಳು. ಇವಕ್ಕೆ ಸೆರಾಮಿಕ್ ತುಂಬಾ ಒರಟು. ಪ್ಲಾಸ್ಟಿಕ್ಕಿನಲ್ಲಿ ಉಜ್ಜುಪುಡಿ ಬೆರೆಸಿದ ಮೆತ್ತನೆ ಕಲ್ಲು ಬರುತ್ತದೆ, ಅದನ್ನೇ ಬಳಸಿದೆ. ನೀರಿಗೆ ಒಡವೆಯವರು ಹೇಳಿದ ಅಂಟುವಾಳ. ಕಾಯಿಯ ಬೀಜ ತೆಗೆದು, ರಾತ್ರಿ ನೆನೆಸಿ, ಕಿವುಚಿ ಸೋಸಿದ ನೀರು. ಮೊದಲ ಸಲ ನೊರೆ ಬೋಗುಣಿ ದಾಟಿ ಶೆಡ್ಡಿನ ಬಾಗಿಲವರೆಗೆ ಬಂತು. ಒಂದೆರಡು ಚಮಚವೇ ಸಾಕು ಅಂತ ತಿಳಿದದ್ದು ಹಾಗೆ. ಹಿತ್ತಾಳೆ ಎಷ್ಟು ಚೆನ್ನಾಗಿ ಬಂತೆಂದರೆ, ಮನೆಯ ದೀಪದ ಕಂಬಗಳನ್ನೂ ಇದಕ್ಕೆ ಹಾಕಬಹುದಾ ಅಂತ ಒಳಗಿನಿಂದ ಪ್ರಶ್ನೆ ಬಂತು. ನಕಾಶಿ ಸವೆಯುತ್ತದೆ, ಹುಣಸೆಹಣ್ಣೇ ವಾಸಿ ಅಂದೆ. ಅಮೋನಿಯಾ ಇರುವ ಪಾಲಿಶ್‌ಗಳನ್ನು ಮಾತ್ರ ಒಳಗೆ ಹಾಕಲಿಲ್ಲ. ಅಮೋನಿಯಾ ತಾಗಿದರೆ ಬಿಗಿತದಲ್ಲಿರುವ ಹಿತ್ತಾಳೆ ಬಿರುಕು ಬಿಡುವ ಅಪಾಯವಿದೆ.

ಹಿತ್ತಾಳೆಗೆ ಕೊನೆಯ ಹೊಳಪು ಕೊಡಲು ಹೊರದೇಶಗಳಲ್ಲಿ ಆಕ್ರೋಟಿನ ಚಿಪ್ಪಿನ ಪುಡಿ, ಮುಸುಕಿನ ಜೋಳದ ದಿಂಡಿನ ಪುಡಿ ಬಳಸುತ್ತಾರೆ. ಮಂಡ್ಯದ ಅಕ್ಕಿ ಗಿರಣಿಗಳ ಮುಂದೆ ಭತ್ತದ ಹೊಟ್ಟು ಗುಡ್ಡೆ ಬಿದ್ದಿರುವಾಗ ನಾನೇಕೆ ಆಕ್ರೋಟು ಹುಡುಕಲಿ? ಹೊಟ್ಟನ್ನು ಸುಟ್ಟರೆ ತೂಕದ ಐದನೇ ಒಂದು ಪಾಲಿನಷ್ಟು ಬೂದಿ ಉಳಿಯುತ್ತದೆ, ಅದರಲ್ಲಿ ಬಹುಪಾಲು ಸಿಲಿಕಾ. ಅಂದರೆ ಉಜ್ಜುವ ಗುಣ ಅದರಲ್ಲೇ ಇದೆ. ಒಂದು ಚೀಲ ತಂದು ಒಣಗಿಸಿ ಹಾಕಿದೆ. ಫಲಿತಾಂಶ ಅಷ್ಟಕ್ಕಷ್ಟೇ. ಹೊಟ್ಟು ತೀರಾ ಹಗುರ, ಭಾಗಗಳೆಲ್ಲ ತಳಕ್ಕೆ ಇಳಿದು ಕೂತುಬಿಡುತ್ತವೆ. ತೇವ ಹೀರುವುದಕ್ಕೆ, ಮೇಲಿನ ಮಂಕು ತೆಗೆಯುವುದಕ್ಕೆ ಪರವಾಗಿಲ್ಲ. ಧೂಳಂತೂ ಮಾಸ್ಕ್ ಇಲ್ಲದೆ ನಿಲ್ಲಲಾಗದಷ್ಟು. ಜೋಳದ ದಿಂಡನ್ನು ಒಣಗಿಸಿ ಹಿಟ್ಟಿನ ಗಿರಣಿಯಲ್ಲಿ ತರಿಯಾಗಿ ಒಡೆಸಲು ನೋಡಿದೆ. ಗಿರಣಿಯವರು ಕೈ ಮುಗಿದರು. ಕುಟ್ಟಿ ಮಾಡಿಕೊಂಡ ಒಂದು ಪಾವಿನಷ್ಟು ತರಿ, ಹೊಟ್ಟಿಗಿಂತ ಎಷ್ಟೋ ಚೆನ್ನಾಗಿ ಕೆಲಸ ಮಾಡಿತು.

ಕಾರ್ಬುರೇಟರ್ ವಿಷಯಕ್ಕೆ ಮೇಸ್ತ್ರಿಗೂ ನನಗೂ ಸಣ್ಣ ಜಟಾಪಟಿ ಆಯಿತು. ಬೋಲ್ಟುಗಳನ್ನು ನೋಡಿದ ಮೇಲೆ ಅವರಿಗೆ ಯಂತ್ರದ ಮೇಲೆ ವಿಪರೀತ ನಂಬಿಕೆ ಬಂದಿತ್ತು. "ಸೋಲೆಕ್ಸ್ ಬಿಚ್ಚಿ ಹಾಕ್ಬಿಡಿ ಸಾರ್, ಹೊಸದು ಬಂದಂಗೆ ಬರತ್ತೆ" ಅಂದರು. ನಾನು ಒಪ್ಪಲಿಲ್ಲ. ಅದರ ಮೈ ಸತುವಿನ ಎರಕ. ಒಳಗೆ ಕೂದಲಿನಂಥ ದಾರಿಗಳು. ಅಲ್ಲಿ ಒಂದು ಕಲ್ಲಿನ ಪುಡಿ ಉಳಿದರೂ ಎಂಜಿನ್ನು ಐಡಲಿಂಗ್ ನಿಲ್ಲುವುದಿಲ್ಲ. ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತೂತಿನ ಜೆಟ್ಟುಗಳ ಮಾತಂತೂ ಬೇಡ. ಸೋಲೆಕ್ಸ್ ಜೆಟ್ಟಿನ ಮೇಲಿನ ನಂಬರು ತೂತಿನ ಅಳತೆ, ಮಿಲಿಮೀಟರಿನ ನೂರನೇ ಭಾಗದ ಲೆಕ್ಕದಲ್ಲಿ. 120 ಅಂತ ಇದ್ದರೆ 1.20 ಮಿಲಿಮೀಟರ್. 125ಕ್ಕೂ ಅದಕ್ಕೂ ಇರುವ ವ್ಯತ್ಯಾಸ ಐದು ನೂರಾಂಶ, ಅಷ್ಟಕ್ಕೇ ಪೆಟ್ರೋಲಿನ ಲೆಕ್ಕ ಬದಲಾಗುತ್ತದೆ. ಇಂಥ ತೂತಿನ ಬಾಯಿಯನ್ನು ಕಲ್ಲಿಗೆ ಒಡ್ಡುವುದೇ? ಸೂಜಿ, ತಂತಿ ತೂರಿಸುವುದೂ ತಪ್ಪು.

"ಮತ್ತೆ ನಮ್ ಹುಡುಗ ಇಷ್ಟು ವರ್ಷ ಗುಂಡುಸೂಜಿನೇ ಹಾಕ್ತಿದ್ನಲ್ಲ ಸಾರ್?"

"ಅದಕ್ಕೇ ಎಲ್ಲ ಫಿಯಟ್ಟೂ ಲೀಟರಿಗೆ ಎಂಟು ಕೊಡ್ತಿವೆ."

ನಕ್ಕರು, ಆದರೆ ಒಪ್ಪಿದರು. ಕಾರ್ಬುರೇಟರನ್ನು ಅಲ್ಟ್ರಾಸಾನಿಕ್ ತೊಟ್ಟಿ ಇರುವವರ ಹತ್ತಿರ ಕೊಟ್ಟೆ. ಅಲ್ಲಿ ನೀರಿನೊಳಗಿನ ಸಣ್ಣ ಗುಳ್ಳೆಗಳು ಒಡೆದು ಕೊಳೆ ಬಿಡಿಸುತ್ತವೆ, ಲೋಹಕ್ಕೆ ಕಲ್ಲು ತಾಗುವ ಪ್ರಶ್ನೆಯಿಲ್ಲ. ಅಲ್ಯೂಮಿನಿಯಂ ಚೂರುಗಳಲ್ಲಿ ಹೊರಗೆ ಕಾಣುವ ಕ್ಲಾಂಪು, ಮುಚ್ಚಳಗಳನ್ನು ಮಾತ್ರ ಪ್ಲಾಸ್ಟಿಕ್ ಕಲ್ಲಿನಲ್ಲಿ ಕುಲುಕಿದೆ. ಒಂದು ತರಹ ರೇಷ್ಮೆಯಂಥ ಮಂಕು ಹೊಳಪು ಬಂತು.

ಉಜ್ಜಿದ ಕಬ್ಬಿಣವನ್ನು ಹಾಗೇ ಬಿಟ್ಟರೆ ಮುಂದಿನ ಮಳೆಗಾಲಕ್ಕೆ ಮತ್ತೆ ಕೆಂಪು. ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಜಿಂಕ್ ಪ್ಲೇಟಿಂಗಿಗೆ ಕೊಟ್ಟೆ. ಅಲ್ಲಿ ತೂಕದ ಮೇಲೆ ಲೆಕ್ಕ. ನನ್ನ ಮೂಟೆ ನೋಡಿ, "ಇಷ್ಟು ಕ್ಲೀನಾಗಿ ಯಾರೂ ತರಲ್ಲ" ಅಂದರು. ಹಳದಿ ಬೇಕಾ ಬಿಳಿ ಬೇಕಾ ಅಂತ ಕೇಳಿದರು. ಬೋಲ್ಟಿನ ತಲೆಯ ಅಡಿ, ವಾಷರ್ ಮುಚ್ಚಿದ ಜಾಗದಲ್ಲಿ ಹಳೇ ಲೇಪದ ಗುರುತು ಉಳಿದಿರುತ್ತದೆ. ತೊಳೆಯುವ ಮೊದಲೇ ಅದರ ಫೋಟೋ ತೆಗೆದಿಟ್ಟುಕೊಂಡಿದ್ದೆ. ಅದನ್ನೇ ತೋರಿಸಿದೆ. ಆಸಿಡ್ಡಿನಲ್ಲಿ ಜಾಸ್ತಿ ಹೊತ್ತು ಬಿಡಬೇಡಿ ಅಂತಲೂ ಕೇಳಿಕೊಂಡೆ. ಆಸಿಡ್ಡು ಮತ್ತು ಪ್ಲೇಟಿಂಗ್ ಎರಡರಲ್ಲೂ ಹೈಡ್ರೋಜನ್ ಉಕ್ಕಿನೊಳಗೆ ಸೇರುತ್ತದೆ. ಸಾಧಾರಣ ಬೋಲ್ಟಿಗೆ ಪರವಾಗಿಲ್ಲ, ಸ್ಪ್ರಿಂಗಿಗೆ ಮತ್ತು ತುಂಬಾ ಗಡಸಾದ ಬೋಲ್ಟಿಗೆ ಅದು ಸೇರಿದರೆ ಭಾರ ಬಿದ್ದಾಗ ಪಟಕ್ಕನೆ ಮುರಿಯುತ್ತದೆ. ಅಂಥವನ್ನು ಪ್ಲೇಟಿಂಗ್ ಆದ ಕೆಲವೇ ಗಂಟೆಗಳೊಳಗೆ ಸುಮಾರು 200 ಡಿಗ್ರಿಯಲ್ಲಿ ಗಂಟೆಗಟ್ಟಲೆ ಕಾಯಿಸಬೇಕು. ನನ್ನ ಮೂಟೆಯಲ್ಲಿ ಅಂಥದ್ದು ಇರಲಿಲ್ಲ, ಚಾಪೆಯ ಮೇಲೇ ಬೇರೆ ಮಾಡಿದ್ದೆನಲ್ಲ.

ಉಳಿದದ್ದು ಬೂದು ನೀರು. ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಕಲ್ಲಿನ ಪುಡಿ, ಕಬ್ಬಿಣದ ಪುಡಿ, ಹಳೇ ಬಣ್ಣದ ಚಕ್ಕೆ ಎಲ್ಲ ಸೇರಿದ ಕೆಸರು ಅದು. ಅರವತ್ತರ ದಶಕದ ಬಣ್ಣದಲ್ಲಿ ಸೀಸ ಇರುವುದು ಸಾಮಾನ್ಯ, ಹಳೇ ಬೋಲ್ಟುಗಳ ಲೇಪದಲ್ಲಿ ಕ್ಯಾಡ್ಮಿಯಂ ಇರಬಹುದು. ಚರಂಡಿಗೆ ಚೆಲ್ಲಿದರೆ ಪೈಪು ಕಟ್ಟಿಕೊಳ್ಳುತ್ತದೆ, ಗಿಡಕ್ಕೆ ಹಾಕಿದರೆ ಮಣ್ಣು ಹಾಳು. ನಾನು ಬಕೆಟ್ಟಿನಲ್ಲಿ ಎರಡು ದಿನ ಬಿಡುತ್ತೇನೆ. ಕೆಸರು ತಳಕ್ಕೆ ಕೂರುತ್ತದೆ, ಮೇಲಿನ ನೀರನ್ನು ಮುಂದಿನ ಸಲ ಅದೇ ಯಂತ್ರಕ್ಕೆ ಹಾಕುತ್ತೇನೆ. ಕೆಸರನ್ನು ಒಣಗಿಸಿ ಡಬ್ಬದಲ್ಲಿ ಮುಚ್ಚಿ, ಪ್ಲೇಟಿಂಗಿನವರ ಹತ್ತಿರ ಒಯ್ದೆ. ಅವರ ಕಾರ್ಖಾನೆಯ ಅಪಾಯಕಾರಿ ಕಸದ ಜೊತೆ ಅದನ್ನೂ ತೆಗೆದುಕೊಂಡರು.

ಈಗ ಮೇಸ್ತ್ರಿ ಒಂದು ಜಾವಾ ಬೈಕು ಎತ್ತಿಕೊಂಡಿದ್ದಾರೆ, 1961ರಿಂದ 1996ರವರೆಗೆ ಗಾಡಿ ಮಾಡಿದ ನಮ್ಮೂರಿನದೇ ಐಡಿಯಲ್ ಜಾವಾ ಫ್ಯಾಕ್ಟರಿಯದ್ದು. ಮೊನ್ನೆ ಹುಡುಗನ ಕೈಲಿ ಒಂದು ಬಕೆಟ್ ತುಂಬ ಬಿಡಿಭಾಗ ಕಳಿಸಿದ್ದರು. ಹುಡುಗ ಕನ್ನಡಕ ಹಾಕಿಕೊಂಡೇ ಬಂದಿದ್ದ, ಮೇಸ್ತ್ರಿ ಕೊಡಿಸಿದ್ದಾರಂತೆ. ಬಕೆಟ್ಟಿನ ಮೇಲ್ಭಾಗದಲ್ಲೇ ಎರಡು ಬೇರಿಂಗು, ಒಂದು ಕಾರ್ಬುರೇಟರ್. ಅವನ್ನು ತೆಗೆದು ಹುಡುಗನ ಕೈಗೆ ಕೊಟ್ಟು ಚಾಪೆ ಹಾಸಲು ಹೇಳಿದೆ.